ವಿಟಮಿನ್ ರಿಪೋರ್ಟ್ ಬಂತು, ಪಕ್ಕದಲ್ಲಿ ಸಿಆರ್‌ಪಿ ಇದೆಯಾ?

ಜ್ವರ ಬಿಟ್ಟು ಎರಡು ದಿನವಾಗಿತ್ತು. ಸುಸ್ತು ಮಾತ್ರ ಬಿಟ್ಟಿರಲಿಲ್ಲ. ಹೇಗೂ ರಕ್ತ ಕೊಡ್ತಿದ್ದೀನಲ್ಲ, ವಿಟಮಿನ್ ಡಿ ಕೂಡ ನೋಡಿಬಿಡಿ ಎಂದು ನಾನೇ ಹೇಳಿದೆ. ರಿಪೋರ್ಟಿನಲ್ಲಿ 13 ಎಂದು ಬಂತು, ಎದುರಿಗೆ ದಪ್ಪ ಅಕ್ಷರದಲ್ಲಿ ‘ಕೊರತೆ’. ಅದೇ ರಿಪೋರ್ಟಿನ ಎರಡನೇ ಪುಟದಲ್ಲಿ ಸಿಆರ್‌ಪಿ, ಅಂದರೆ ಮೈಯಲ್ಲಿ ಉರಿಯೂತ ಎಷ್ಟಿದೆ ಎಂದು ತೋರಿಸುವ ಪ್ರೋಟೀನ್, 64 ಎಂದಿತ್ತು. ಈ ಎರಡು ಸಂಖ್ಯೆಗಳಿಗೆ ಸಂಬಂಧ ಇರಬಹುದು ಎಂದು ನನಗೂ ಹೊಳೆಯಲಿಲ್ಲ, ರಿಪೋರ್ಟ್ ನೋಡಿದವರಿಗೂ ಹೊಳೆಯಲಿಲ್ಲ. ಬರೆದುಕೊಟ್ಟ ಮಾತ್ರೆಯನ್ನು ತರುವುದನ್ನೇ ನಾನು ಮರೆತೆ. ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿದಾಗ 21 ಇತ್ತು. ಬಿಸಿಲು ಜಾಸ್ತಿ ಬಿದ್ದಿರಬಹುದು, ಅಲ್ಲ ಎನ್ನುವುದಿಲ್ಲ. ಆದರೆ ಮೊದಲ ಸಲದ 13 ನನ್ನ ವಿಟಮಿನ್ ಎಷ್ಟಿದೆ ಎನ್ನುವುದಕ್ಕಿಂತ ನನ್ನ ಜ್ವರ ಎಷ್ಟಿತ್ತು ಎನ್ನುವುದನ್ನೇ ಹೆಚ್ಚು ಹೇಳುತ್ತಿತ್ತು ಎಂದು ಆಮೇಲೆ ಓದಿ ತಿಳಿದುಕೊಂಡೆ.

ಮೈಯಲ್ಲಿ ಉರಿಯೂತ ಇದ್ದಾಗ ರಕ್ತದಲ್ಲಿ ಅಳೆಯುವ ಎಷ್ಟೋ ವಿಟಮಿನ್‌ಗಳ ಸಂಖ್ಯೆ ಕೆಳಗಿಳಿಯುತ್ತದೆ. ಒಂದೆರಡು ಮೇಲೂ ಹೋಗುತ್ತವೆ. ಆ ಸಂಖ್ಯೆಯನ್ನು ಹೇಗೆ ಓದಬೇಕು, ಯಾವಾಗ ನಂಬಬೇಕು, ಯಾವಾಗ ಮತ್ತೆ ಪರೀಕ್ಷೆ ಮಾಡಿಸಬೇಕು ಎಂದು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ. ಇದು ಡಾಕ್ಟರನ್ನು ಬಿಟ್ಟು ನೀವೇ ತೀರ್ಮಾನ ಮಾಡಲಿಕ್ಕಲ್ಲ. ಅವರೆದುರು ಕೂತಾಗ ಸರಿಯಾದ ಪ್ರಶ್ನೆ ಕೇಳಲಿಕ್ಕೆ.

ಮೊದಲು, ಸಂಖ್ಯೆ ಯಾಕೆ ಇಳಿಯುತ್ತದೆ?

ಸೋಂಕು, ಗಾಯ, ಆಪರೇಷನ್, ಕೀಲೂತ, ಸುಟ್ಟಗಾಯ, ಹಲ್ಲಿನ ಬುಡದಲ್ಲಿ ಕೀವು, ಹೀಗೆ ಕಾರಣ ಯಾವುದೇ ಇರಲಿ, ದೇಹ ಒಂದೇ ಥರದ ಅಲಾರಾಂ ಬಾರಿಸುತ್ತದೆ. ರೋಗನಿರೋಧಕ ಕಣಗಳು ಇಂಟರ್‌ಲ್ಯೂಕಿನ್-6 ಮುಂತಾದ ಸಂದೇಶಗಳನ್ನು ಲಿವರ್‌ಗೆ ಕಳಿಸುತ್ತವೆ. ಲಿವರ್ ತನ್ನ ಕೆಲಸದ ಪಟ್ಟಿಯನ್ನೇ ಬದಲಿಸಿಕೊಳ್ಳುತ್ತದೆ. ಸಿಆರ್‌ಪಿಯಂಥ ಕೆಲವು ಪ್ರೋಟೀನ್‌ಗಳನ್ನು ರಾಶಿ ರಾಶಿ ತಯಾರಿಸುತ್ತದೆ. ಆಲ್ಬುಮಿನ್ ಎಂಬ ಪ್ರೋಟೀನ್, ರೆಟಿನಾಲನ್ನು (ರಕ್ತದಲ್ಲಿ ಓಡಾಡುವ ವಿಟಮಿನ್ ಎ) ಹೊರುವ ಪ್ರೋಟೀನ್ ಇಂಥವುಗಳ ತಯಾರಿಕೆಯನ್ನು ಕಡಿಮೆ ಮಾಡುತ್ತದೆ.

ಎಷ್ಟೋ ವಿಟಮಿನ್‌ಗಳು ರಕ್ತದಲ್ಲಿ ಒಂಟಿಯಾಗಿ ಓಡಾಡುವುದಿಲ್ಲ. ಈ ಪ್ರೋಟೀನ್‌ಗಳೇ ಅವುಗಳ ಬಸ್ಸು. ಲ್ಯಾಬಿನವರು ಎಣಿಸುವುದು ರಸ್ತೆಯ ಮೇಲಿರುವ ಬಸ್ಸುಗಳಲ್ಲಿ ಕೂತಿರುವ ಪ್ರಯಾಣಿಕರನ್ನು. ಅರ್ಧ ಬಸ್ಸುಗಳು ಡಿಪೋದಲ್ಲೇ ನಿಂತರೆ ಎಣಿಕೆ ಕಡಿಮೆ ಬರುತ್ತದೆ. ಊರಲ್ಲಿ ಜನ ಕಡಿಮೆಯಾಗಿದ್ದಾರೆ ಎಂದು ಅದಕ್ಕೆ ಅರ್ಥವಿಲ್ಲ, ಅಲ್ವಾ? ಲಿವರ್‌ನಲ್ಲಿ, ಸ್ನಾಯುವಿನಲ್ಲಿ, ಕೊಬ್ಬಿನಲ್ಲಿ ಕೂತಿರುವ ದಾಸ್ತಾನು ಹಾಗೇ ಇರಬಹುದು.

ಇದರ ಜೊತೆಗೆ ಇನ್ನೂ ಮೂರು ಕಾರಣಗಳಿವೆ. ಉರಿಯೂತದಲ್ಲಿ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ ಪ್ರೋಟೀನ್‌ಗಳು ಹೊರಗಿನ ಅಂಗಾಂಶಕ್ಕೆ ಸೋರುತ್ತವೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ದರೆ ರಕ್ತ ತೆಳುವಾಗಿ ಎಲ್ಲ ಸಂಖ್ಯೆಗಳೂ ಒಂದಿಷ್ಟು ಇಳಿಯುತ್ತವೆ. ಮೂರನೆಯದು ನಿಜವಾದ ಖರ್ಚು. ವಿಟಮಿನ್ ಸಿ ಮತ್ತು ಬಿ6ನಂಥವು ಕಾಯಿಲೆಯಲ್ಲಿ ಹೆಚ್ಚು ಬಳಕೆಯಾಗುತ್ತವೆ. ತಲೆನೋವು ಇರುವುದು ಇಲ್ಲೇ. ಇಳಿದಿದ್ದರಲ್ಲಿ ಎಷ್ಟು ಬಸ್ಸಿನ ಲೆಕ್ಕ, ಎಷ್ಟು ನಿಜವಾದ ಖರ್ಚು ಎಂದು ಒಂದೇ ಸಂಖ್ಯೆ ನೋಡಿ ಬೇರೆ ಮಾಡಲು ಬರುವುದಿಲ್ಲ.

ಹೆಜ್ಜೆ 1: ರಕ್ತ ಕೊಟ್ಟ ದಿನ ಮೈ ಹೇಗಿತ್ತು ಎಂದು ಬರೆದಿಡಿ

ರಿಪೋರ್ಟಿನ ಮೂಲೆಯಲ್ಲಿ ಸ್ಯಾಂಪಲ್ ತೆಗೆದ ದಿನಾಂಕ ಇರುತ್ತದೆ. ರಿಪೋರ್ಟ್ ಪ್ರಿಂಟ್ ಆದ ದಿನಾಂಕ ಬೇರೆ, ಅದನ್ನು ನೋಡಬೇಡಿ. ಸ್ಯಾಂಪಲ್ ತೆಗೆದ ದಿನದ ಹಿಂದಿನ ನಾಲ್ಕೈದು ವಾರಗಳನ್ನು ನೆನಪು ಮಾಡಿಕೊಳ್ಳಿ. ಜ್ವರ, ಕೆಮ್ಮು, ಭೇದಿ, ಹಲ್ಲುನೋವು, ಆಪರೇಷನ್, ಬಿದ್ದು ಮೂಳೆ ಮುರಿದದ್ದು, ಲಸಿಕೆ, ಹಳೆಯ ಕೀಲುನೋವು ಕೆರಳಿದ್ದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮ್ಯಾರಥಾನ್ ಓಡಿದ್ದೂ ಲೆಕ್ಕಕ್ಕೆ ಬರುತ್ತದೆ. ತುಂಬಾ ದೂರ ಓಡಿದ ಮೇಲೆ ಒಂದೆರಡು ದಿನ ಸಿಆರ್‌ಪಿ ಏರಿರುತ್ತದೆ.

ಇದು ಚಿಕ್ಕ ಕೆಲಸ ಎನಿಸಬಹುದು. ನನಗೆ ಇದೇ ಮುಖ್ಯ ಎನಿಸಿದೆ. ಲ್ಯಾಬಿಗೆ ನಿಮ್ಮ ಜ್ವರದ ವಿಷಯ ಗೊತ್ತಿರುವುದಿಲ್ಲ. ಅದು ‘ಕಡಿಮೆ’ ಎಂದು ಅಚ್ಚು ಹಾಕುವುದು ಬೇರೆಯವರ ರಕ್ತ ನೋಡಿ ಮಾಡಿಟ್ಟ ಗೆರೆಯ ಪ್ರಕಾರ.

ಹೆಜ್ಜೆ 2: ಸಿಆರ್‌ಪಿ ಹುಡುಕಿ, ಅಳತೆಯ ಮಾನ (ಯೂನಿಟ್) ಯಾವುದು ಎಂದು ನೋಡಿ

ಸಿಆರ್‌ಪಿ ಅಂದರೆ ಸಿ-ರಿಯಾಕ್ಟಿವ್ ಪ್ರೋಟೀನ್. ನ್ಯೂಮೋನಿಯಾ ಬಂದವರ ರಕ್ತದಲ್ಲಿ 1930ರಲ್ಲಿ ಇದನ್ನು ಮೊದಲು ಗುರುತಿಸಿದರು. ನ್ಯೂಮೊಕಾಕಸ್ ಬ್ಯಾಕ್ಟೀರಿಯಾದ ‘ಸಿ’ ಎಂಬ ಅಂಶಕ್ಕೆ ಅಂಟಿಕೊಳ್ಳುತ್ತದೆ ಎಂದು ಈ ಹೆಸರು ಬಂತು. ವಿಟಮಿನ್ ಸಿಗೂ ಇದಕ್ಕೂ ನಂಟಿಲ್ಲ.

ಇದು ಚುರುಕಾದ ಅಳತೆ. ಉರಿಯೂತ ಶುರುವಾಗಿ ಆರೇಳು ಗಂಟೆಯಲ್ಲಿ ಏರತೊಡಗುತ್ತದೆ. ಸುಮಾರು 48 ಗಂಟೆಗೆ ತುದಿ ಮುಟ್ಟುತ್ತದೆ. ಕಾರಣ ಹೋದ ಮೇಲೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ಅದಕ್ಕೇ ವಿಟಮಿನ್‌ಗೆ ಕೊಟ್ಟ ಅದೇ ರಕ್ತದಲ್ಲಿ ಸಿಆರ್‌ಪಿಯನ್ನೂ ನೋಡಿರಬೇಕು. ಹೋದ ವಾರದ ಸಿಆರ್‌ಪಿ ಈ ವಾರದ ವಿಟಮಿನ್‌ಗೆ ಸಾಕ್ಷಿ ಹೇಳಲಾರದು.

ಮಾನದ ವಿಷಯದಲ್ಲಿ ಎಚ್ಚರ ಇರಲಿ. ಕೆಲವು ಲ್ಯಾಬ್‌ಗಳು ಒಂದು ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಬರೆಯುತ್ತವೆ. ಕೆಲವು ಒಂದು ಡೆಸಿಲೀಟರಿಗೆ ಎಂದು ಬರೆಯುತ್ತವೆ. ಎರಡರ ನಡುವೆ ಹತ್ತು ಪಟ್ಟು ವ್ಯತ್ಯಾಸ. ಡೆಸಿಲೀಟರಿಗೆ 1.8 ಎಂದಿದ್ದರೆ ಅದು ಲೀಟರಿಗೆ 18. ‘ಎರಡು ಕೂಡ ದಾಟಿಲ್ಲವಲ್ಲ, ಪರವಾಗಿಲ್ಲ’ ಎಂದು ಸುಮ್ನೆ ದಾಟಿಬಿಡುವವರು ಬಹಳ. ಮುಂದೆ ನಾನು ಬರೆಯುವ ಎಲ್ಲ ಸಿಆರ್‌ಪಿ ಸಂಖ್ಯೆಗಳೂ ಲೀಟರಿಗೆ ಮಿಲಿಗ್ರಾಂ ಲೆಕ್ಕದವು. ನಿಮ್ಮದು ಡೆಸಿಲೀಟರ್ ಆಗಿದ್ದರೆ ಹತ್ತರಿಂದ ಗುಣಿಸಿ.

ಇಎಸ್‌ಆರ್ (ಕೆಂಪು ರಕ್ತಕಣ ಎಷ್ಟು ಬೇಗ ತಳಕ್ಕಿಳಿಯುತ್ತದೆ ಎಂದು ನೋಡುವ, ಉರಿಯೂತದ ಇನ್ನೊಂದು ಪರೀಕ್ಷೆ) ಇದ್ದರೆ ಸಾಲದಾ ಎಂದು ಕೇಳಬಹುದು. ಸಾಲದು. ಅದು ನಿಧಾನ. ಜೊತೆಗೆ ವಯಸ್ಸು, ರಕ್ತಹೀನತೆ, ಬಸಿರು ಎಲ್ಲಕ್ಕೂ ಅದು ಏರುತ್ತದೆ.

ಸಿಆರ್‌ಪಿಯೂ ಕೆಲವರಲ್ಲಿ ದಾರಿ ತಪ್ಪಿಸುತ್ತದೆ. ಲಿವರ್ ತೀರಾ ಹಾಳಾಗಿದ್ದವರಲ್ಲಿ ಅದು ಏರಬೇಕಾದಷ್ಟು ಏರುವುದಿಲ್ಲ, ಯಾಕೆಂದರೆ ತಯಾರಾಗುವುದೇ ಲಿವರ್‌ನಲ್ಲಿ. ಕೀಲೂತಕ್ಕೆ ಇಂಟರ್‌ಲ್ಯೂಕಿನ್-6 ತಡೆಯುವ ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲಿ ಸೋಂಕು ಇದ್ದರೂ ತಗ್ಗಿಯೇ ಇರಬಹುದು. ಮೈತೂಕ ಬಹಳ ಜಾಸ್ತಿ ಇರುವವರಲ್ಲಿ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಯಾವ ಸೋಂಕೂ ಇಲ್ಲದೆ ಸ್ವಲ್ಪ ಏರಿರುತ್ತದೆ.

ಸಿಆರ್‌ಪಿ ಇಳಿದ ಮೇಲೂ ಕಾಯಿಲೆಯ ಬಾಲ ಉಳಿದಿರುತ್ತದೆ. ಅದನ್ನು ಹಿಡಿಯಲು ಎಜಿಪಿ ಎಂಬ ಇನ್ನೊಂದು ಪ್ರೋಟೀನ್ ಇದೆ. ಪೂರ್ತಿ ಹೆಸರು ಆಲ್ಫಾ-1 ಆಸಿಡ್ ಗ್ಲೈಕೊಪ್ರೋಟೀನ್. ಇದು ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಜನರ ಪೌಷ್ಟಿಕತೆಯ ಸಮೀಕ್ಷೆ ಮಾಡುವವರು ಎರಡನ್ನೂ ಅಳೆಯುತ್ತಾರೆ. ಸಿಆರ್‌ಪಿ ಮಾತ್ರ 5 ದಾಟಿದ್ದರೆ ಕಾಯಿಲೆ ಈಗಷ್ಟೇ ಶುರು. ಅದರ ಜೊತೆ ಎಜಿಪಿಯೂ ಲೀಟರಿಗೆ 1 ಗ್ರಾಂ ದಾಟಿದ್ದರೆ ಗುಣವಾಗುವುದರ ಮೊದಲ ಹಂತ. ಎಜಿಪಿ ಮಾತ್ರ ಏರಿದ್ದರೆ ಕೊನೆಯ ಹಂತ. ಈ ಕೊನೆಯ ಹಂತದಲ್ಲಿ ಮನುಷ್ಯ ಎದ್ದು ಓಡಾಡುತ್ತಿರುತ್ತಾನೆ, ಹುಷಾರಾಗಿದ್ದೀನಿ ಎನ್ನುತ್ತಾನೆ, ಆದರೂ ವಿಟಮಿನ್ ಎ ಸಂಖ್ಯೆ ಇನ್ನೂ ತಗ್ಗಿರುತ್ತದೆ. ಸಾಮಾನ್ಯ ಚಿಕಿತ್ಸೆಯಲ್ಲಿ ಎಜಿಪಿ ಯಾರೂ ಬರೆಯುವುದಿಲ್ಲ. ಅದರ ಬದಲು ಎರಡು ಮೂರು ವಾರ ಜಾಸ್ತಿ ಕಾದರೆ ಆಯಿತು.

ಹೆಜ್ಜೆ 3: ಯಾವ ವಿಟಮಿನ್‌ಗೆ ಯಾವ ಗಡಿ?

ಸ್ಕಾಟ್‌ಲೆಂಡಿನ ಗ್ಲಾಸ್ಗೋದ ಲ್ಯಾಬ್ ವೈದ್ಯರು ಸಾವಿರಾರು ರಕ್ತದ ಮಾದರಿಗಳಲ್ಲಿ ವಿಟಮಿನ್‌ಗಳನ್ನೂ ಸಿಆರ್‌ಪಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ 2012ರಲ್ಲಿ ಪ್ರಕಟಿಸಿದರು. ಈ ವಿಷಯದಲ್ಲಿ ಇಷ್ಟು ಬಳಕೆಗೆ ಬರುವ ಲೆಕ್ಕ ನಾನು ಬೇರೆ ಕಂಡಿಲ್ಲ. ಅವರು ಹಾಕಿಕೊಟ್ಟ ಗಡಿಗಳು ಹೀಗಿವೆ:

ವಿಟಮಿನ್ ಸಿ ಮತ್ತು ಬಿ6: ಸಿಆರ್‌ಪಿ 5ಕ್ಕಿಂತ ಕಡಿಮೆ ಇದ್ದರೆ ಮಾತ್ರ ನಂಬಬಹುದು.
ವಿಟಮಿನ್ ಎ, ವಿಟಮಿನ್ ಡಿ, ಸೆಲೆನಿಯಂ ಎಂಬ ಖನಿಜ: 10ಕ್ಕಿಂತ ಕಡಿಮೆ ಇರಬೇಕು.
ಸತು, ಅಂದರೆ ಜಿಂಕ್: 20ಕ್ಕಿಂತ ಕಡಿಮೆ ಇದ್ದರೆ ಸಾಕು.

ಸಿಆರ್‌ಪಿ ತುಂಬಾ ಏರಿದವರಲ್ಲಿ ವಿಟಮಿನ್ ಎ, ಬಿ6, ಸಿ, ಡಿ ಮತ್ತು ಸೆಲೆನಿಯಂನ ಮಧ್ಯಮ ಮಟ್ಟ ಶೇ 40ಕ್ಕೂ ಹೆಚ್ಚು ಇಳಿದಿತ್ತು. ಸುಮಾರು ಅರ್ಧ! ವಿಟಮಿನ್ ಇ ಹೀಗೆ ಇಳಿಯಲಿಲ್ಲ. ತಾಮ್ರವೂ ಇಳಿಯಲಿಲ್ಲ.

ಇಲ್ಲಿ ಒಂದು ಆಸೆ ಹುಟ್ಟುತ್ತದೆ. ಹಾಗಾದರೆ ನನ್ನ 13ಕ್ಕೆ ಕಳೆದುಹೋದ ಶೇ 40 ಸೇರಿಸಿಬಿಟ್ಟರೆ ನಿಜವಾದ ಸಂಖ್ಯೆ ಸಿಗುತ್ತದೆ, ಅಲ್ವಾ? ಸಿಗುವುದಿಲ್ಲ. ಒಂದೇ ಸಿಆರ್‌ಪಿ ಇದ್ದ ಇಬ್ಬರಲ್ಲಿ ಒಬ್ಬರಿಗೆ ಬಹಳ ಇಳಿದಿತ್ತು, ಇನ್ನೊಬ್ಬರಿಗೆ ಅಷ್ಟೇನೂ ಇಳಿದಿರಲಿಲ್ಲ. ಇದನ್ನೂ ಅದೇ ವೈದ್ಯರು ಒತ್ತಿ ಹೇಳಿದ್ದಾರೆ. ಸಾವಿರ ಜನರ ಸಮೀಕ್ಷೆಯಲ್ಲಿ ಒಟ್ಟು ಸಂಖ್ಯೆಯನ್ನು ತಿದ್ದುವ ಗಣಿತದ ದಾರಿಗಳಿವೆ. ಬ್ರಿಂಡಾ ಎಂಬ ಅಂತರರಾಷ್ಟ್ರೀಯ ಯೋಜನೆ ಅಂಥದ್ದನ್ನೇ ಮಾಡಿದೆ. ಅವು ಗುಂಪಿಗೆ ಸರಿ. ಒಬ್ಬ ಮನುಷ್ಯನ ರಿಪೋರ್ಟಿಗೆ ಹಾಕಿದರೆ ಸುಳ್ಳು ನಿಖರತೆ ಬರುತ್ತದೆ, ಅಷ್ಟೇ.

ಹೆಜ್ಜೆ 4: ನಿಮ್ಮ ವಿಟಮಿನ್‌ನ ಸ್ವಭಾವ ತಿಳಿದುಕೊಳ್ಳಿ

ವಿಟಮಿನ್ ಡಿಯಿಂದ ಶುರು ಮಾಡೋಣ, ಎಲ್ಲರೂ ಮಾಡಿಸುವುದು ಇದನ್ನೇ. ಲ್ಯಾಬ್ ಅಳೆಯುವುದು 25-ಹೈಡ್ರಾಕ್ಸಿ ವಿಟಮಿನ್ ಡಿ. ಇದರ ಶೇ 85ರಿಂದ 90ರಷ್ಟು ವಿಟಮಿನ್ ಡಿ ಹೊರುವ ಪ್ರೋಟೀನಿಗೆ ಅಂಟಿರುತ್ತದೆ. ಉಳಿದದ್ದು ಬಹುತೇಕ ಆಲ್ಬುಮಿನ್‌ಗೆ. ಬಿಡಿಯಾಗಿ ಓಡಾಡುವುದು ಶೇ 1ಕ್ಕೂ ಕಡಿಮೆ. ಹೊರುವವರು ಕಡಿಮೆಯಾದರೆ ಸಂಖ್ಯೆ ಬೀಳಲೇಬೇಕು.

ಎಷ್ಟು ಬೇಗ ಬೀಳುತ್ತದೆ ಎನ್ನುವುದಕ್ಕೆ ಮಂಡಿಯ ಕೀಲು ಬದಲಿಸುವ ಆಪರೇಷನ್ ಒಳ್ಳೆಯ ಉದಾಹರಣೆ. ಆರೋಗ್ಯವಾಗಿ ನಡೆದು ಬಂದವರಿಗೆ ಒಂದು ಗೊತ್ತಾದ ದಿನ, ಗೊತ್ತಾದ ಗಂಟೆಗೆ ದೊಡ್ಡ ಗಾಯ ಆಗುತ್ತದೆ. ಹಿಂದೆಯೂ ಮುಂದೆಯೂ ರಕ್ತ ತೆಗೆದು ಹೋಲಿಸಬಹುದು. ಗ್ಲಾಸ್ಗೋದಲ್ಲೇ ಹಾಗೆ ನೋಡಿದಾಗ ಎರಡನೇ ದಿನಕ್ಕೆ ವಿಟಮಿನ್ ಡಿ ಸುಮಾರು ಶೇ 40 ಇಳಿದಿತ್ತು. ಮೂರು ತಿಂಗಳಾದರೂ ಪೂರ್ತಿ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಈಗ ಲೆಕ್ಕ ಹಾಕಿ. 25-ಹೈಡ್ರಾಕ್ಸಿ ವಿಟಮಿನ್ ಡಿ ರಕ್ತದಲ್ಲಿ ತಾನಾಗಿ ಅರ್ಧ ಆಗಲು ಎರಡು ಮೂರು ವಾರ ಬೇಕು. ಎರಡೇ ದಿನದಲ್ಲಿ ಅಷ್ಟು ಖರ್ಚಾಗಿಹೋಯಿತು ಎನ್ನಲು ಆಗುವುದಿಲ್ಲ. ಅದು ಜಾಗ ಬದಲಿಸಿದೆ, ಡ್ರಿಪ್‌ನಿಂದ ತೆಳುವಾಗಿದೆ.

‘ಕಾಯಿಲೆ ಜೋರಾಗಿದ್ದವರಲ್ಲೆಲ್ಲ ವಿಟಮಿನ್ ಡಿ ಕಡಿಮೆ ಇತ್ತು, ಹಾಗಾಗಿ ಅದೇ ಕಾರಣ’ ಎಂಬ ಮಾತು ಆಗಾಗ ಕೇಳುತ್ತೀರಿ. ಕಾಯಿಲೆಯೇ ಸಂಖ್ಯೆಯನ್ನು ಇಳಿಸಬಲ್ಲದು ಎಂದು ಗೊತ್ತಾದ ಮೇಲೆ ನಾನು ಇಂಥ ಮಾತು ಓದಿದಾಗೆಲ್ಲ ರಕ್ತ ಯಾವಾಗ ತೆಗೆದರು ಎಂದು ಹುಡುಕುತ್ತೇನೆ. ಕಾಯಿಲೆ ಬರುವ ಮೊದಲೇ ತೆಗೆದಿದ್ದರೆ ಒಂದು ತೂಕ, ಆಸ್ಪತ್ರೆಗೆ ಸೇರಿದ ಮೇಲೆ ತೆಗೆದಿದ್ದರೆ ಇನ್ನೊಂದು ತೂಕ.

ವಿಟಮಿನ್ ಡಿಯಲ್ಲೂ ಮಾನದ ಗೊಂದಲ ಇದೆ. ಮಿಲಿಲೀಟರಿಗೆ 20 ನ್ಯಾನೊಗ್ರಾಂ ಎಂದರೆ ಲೀಟರಿಗೆ 50 ನ್ಯಾನೊಮೋಲ್. 2.5ರಿಂದ ಗುಣಿಸಿದರೆ ಆಯಿತು.

ವಿಟಮಿನ್ ಎ: ಇದರ ದಾಸ್ತಾನು ಲಿವರ್‌ನಲ್ಲಿ. ಅಲ್ಲಿಂದ ಹೊರಡಬೇಕಾದರೆ ರೆಟಿನಾಲ್ ಹೊರುವ ಪ್ರೋಟೀನ್ ಬೇಕೇ ಬೇಕು. ಉರಿಯೂತದಲ್ಲಿ ಅದರ ತಯಾರಿ ನಿಧಾನವಾಗುತ್ತದೆ. ಗೋದಾಮು ತುಂಬಿದ್ದರೂ ಲಾರಿ ಇಲ್ಲ. ಇದರ ಜೊತೆಗೆ ಜೋರು ಸೋಂಕಿನಲ್ಲಿ ಮೂತ್ರದಲ್ಲಿ ರೆಟಿನಾಲ್ ಸೋರಿಹೋಗುವುದೂ ಉಂಟು, ಅದು ನಿಜವಾದ ನಷ್ಟ. ಲೀಟರಿಗೆ 0.70 ಮೈಕ್ರೊಮೋಲ್ ಎಂಬ ಗೆರೆಗಿಂತ ಕೆಳಗಿದ್ದರೆ ಕೊರತೆ ಎಂದು ಲೆಕ್ಕ. ಸೋಂಕಿನ ಕಾಲದಲ್ಲಿ ಸಮೀಕ್ಷೆ ಮಾಡಿದರೆ ಈ ಗೆರೆಯ ಕೆಳಗೆ ಬೀಳುವ ಮಕ್ಕಳ ಸಂಖ್ಯೆ ಸುಮ್ನೆ ಏರುತ್ತದೆ. ಹಾಗೆಂದು ಸಂಖ್ಯೆ ಸಂಶಯಾಸ್ಪದ ಎಂದು ಚಿಕಿತ್ಸೆ ಬಿಡುವ ಹಾಗಿಲ್ಲ. ದಡಾರ ಬಂದ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ರಕ್ತಪರೀಕ್ಷೆಗೆ ಕಾಯದೆ ವಿಟಮಿನ್ ಎ ಕೊಡಲು ಹೇಳುತ್ತದೆ.

ವಿಟಮಿನ್ ಸಿ: ಇದು ಎರಡು ಕಡೆಯಿಂದ ಮೋಸ ಮಾಡುತ್ತದೆ. ಸಿಆರ್‌ಪಿ ಸ್ವಲ್ಪ ಏರಿದರೂ ಇಳಿಯುತ್ತದೆ. ಸ್ಯಾಂಪಲ್ ಕೆಟ್ಟರೂ ಇಳಿಯುತ್ತದೆ. ಬೆಳಕು, ಬಿಸಿ, ಗಾಳಿ ಯಾವುದೂ ಇದಕ್ಕೆ ಆಗದು. ರಕ್ತವನ್ನು ತಣ್ಣಗಿಟ್ಟು, ಬೇಗ ಬೇರ್ಪಡಿಸಿ, ಆಮ್ಲ ಸೇರಿಸಿ, ಹೆಪ್ಪುಗಟ್ಟಿಸಿ ಇಡಬೇಕು. ಅಷ್ಟು ಮಾಡಿದ್ದಾರಾ ಎಂದು ಲ್ಯಾಬನ್ನು ಕೇಳುವುದರಲ್ಲಿ ತಪ್ಪಿಲ್ಲ. ಲೀಟರಿಗೆ 11 ಮೈಕ್ರೊಮೋಲ್‌ಗಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ. ಜೋರು ಕಾಯಿಲೆಯಲ್ಲಿ ಎಷ್ಟೋ ಜನ ಅಷ್ಟಕ್ಕೇ ಇಳಿಯುತ್ತಾರೆ.

ಬಿ6: ಪ್ಲಾಸ್ಮಾದಲ್ಲಿ, ಅಂದರೆ ಕಣಗಳನ್ನು ಬಿಟ್ಟು ಉಳಿದ ರಕ್ತದ ದ್ರವದಲ್ಲಿ, ಇದರ ಮುಖ್ಯ ರೂಪ ಪಿಎಲ್‌ಪಿ. ಅದು ಆಲ್ಬುಮಿನ್‌ಗೆ ಅಂಟಿಕೊಂಡು ಓಡಾಡುತ್ತದೆ. ಆಲ್ಬುಮಿನ್ ಇಳಿದರೆ ಇದೂ ಇಳಿಯುತ್ತದೆ. ಆದ್ದರಿಂದ ರಿಪೋರ್ಟಿನಲ್ಲಿ ಆಲ್ಬುಮಿನ್ ಇದ್ದರೆ ಅದನ್ನೂ ಜೊತೆಗೆ ಓದಿ. ಕೀಲೂತ ಇರುವವರಲ್ಲಿ ಪಿಎಲ್‌ಪಿ ವರ್ಷಗಟ್ಟಲೆ ತಗ್ಗಿಯೇ ಇರಬಹುದು.

ವಿಟಮಿನ್ ಇ, ಕೆ: ಇವು ಕೊಬ್ಬಿನ ಜೊತೆ ಓಡಾಡುತ್ತವೆ. ಇ ಸಂಖ್ಯೆಯನ್ನು ಕೊಲೆಸ್ಟ್ರಾಲ್‌ಗೆ ಹೋಲಿಸಿ ನೋಡಬೇಕು. ಕೆ ವಿಷಯದಲ್ಲಿ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವೇ ಹೆಚ್ಚು ಹೇಳುತ್ತದೆ.

ಬಿ12: ಇದರ ಕಥೆ ಉಲ್ಟಾ. ರಕ್ತದ ಬಿ12ರಲ್ಲಿ ಬಹುಪಾಲು ಹ್ಯಾಪ್ಟೊಕೊರಿನ್ ಎಂಬ ಪ್ರೋಟೀನಿನ ಮೇಲೆ ಕೂತಿರುತ್ತದೆ. ಅದು ಜೀವಕೋಶಗಳಿಗೆ ಸಿಗುವ ಬಿ12 ಅಲ್ಲ. ಸಿಗುವುದು ಟ್ರಾನ್ಸ್‌ಕೊಬಾಲಮಿನ್ ಮೇಲಿರುವ ಸಣ್ಣ ಪಾಲು ಮಾತ್ರ. ಹ್ಯಾಪ್ಟೊಕೊರಿನ್ ಬರುವ ದಾರಿಗಳಲ್ಲಿ ಬಿಳಿ ರಕ್ತಕಣಗಳೂ ಒಂದು. ಬಿಳಿ ಕಣ ತುಂಬಾ ಏರುವ ಕೆಲವು ರಕ್ತದ ಕಾಯಿಲೆಗಳಲ್ಲಿ ಒಟ್ಟು ಬಿ12 ಆಕಾಶಕ್ಕೆ ಹೋಗುತ್ತದೆ. ಲಿವರ್ ಉರಿಯೂತದಲ್ಲಿ ಅಲ್ಲಿನ ದಾಸ್ತಾನು ರಕ್ತಕ್ಕೆ ಸೋರಿ ಏರುತ್ತದೆ. ಹೀಗಾಗಿ ಕಾಯಿಲೆಯಲ್ಲಿ ತೆಗೆದ ಬಿ12 ‘ಸರಿಯಾಗಿದೆ’ ಎಂದು ಬಂದರೆ ಒಳಗೆ ಕೊರತೆ ಇಲ್ಲ ಎಂದು ಗ್ಯಾರಂಟಿ ಕೊಡಲಾಗದು. ಸಂಶಯ ಇದ್ದರೆ ಮಿಥೈಲ್‌ಮಲೋನಿಕ್ ಆಮ್ಲ ನೋಡಿಸಬಹುದು. ಬಿ12 ಕಡಿಮೆಯಾದರೆ ಅದು ಏರುತ್ತದೆ. ಕಿಡ್ನಿ ಸರಿ ಇಲ್ಲದಿದ್ದರೂ ಏರುತ್ತದೆ, ಅದು ನೆನಪಿರಲಿ.

ಕಬ್ಬಿಣ ವಿಟಮಿನ್ ಅಲ್ಲ. ಆದರೂ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ, ಯಾಕೆಂದರೆ ಇದೇ ಪಾಠ ಅಲ್ಲಿ ನಿಯಮವೇ ಆಗಿದೆ. ಫೆರಿಟಿನ್ ಉರಿಯೂತದಲ್ಲಿ ಏರುತ್ತದೆ, ಕಬ್ಬಿಣ ಕಡಿಮೆ ಇರುವುದನ್ನು ಮುಚ್ಚಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಎರಡು ಗೆರೆ ಹಾಕಿತು. ಆರೋಗ್ಯವಂತ ವಯಸ್ಕರಿಗೆ ಲೀಟರಿಗೆ 15 ಮೈಕ್ರೊಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ. ಸೋಂಕು, ಉರಿಯೂತ ಇರುವ ವಯಸ್ಕರಿಗೆ 70ಕ್ಕಿಂತ ಕಡಿಮೆ ಇದ್ದರೆ ಕೊರತೆ. ವಿಟಮಿನ್‌ಗಳ ರಿಪೋರ್ಟಿನಲ್ಲೂ ಹೀಗೆ ಎರಡು ಗೆರೆ ಇದ್ದಿದ್ದರೆ ಈ ಲೇಖನದ ಅರ್ಧ ಭಾಗ ಬೇಕಾಗಿರಲಿಲ್ಲ.

ಹೆಜ್ಜೆ 5: ಪ್ಲಾಸ್ಮಾ ಬಿಡಿ, ಕೆಂಪು ಕಣದಲ್ಲಿ ನೋಡಲು ಆಗುತ್ತದಾ ಎಂದು ಕೇಳಿ

ಬಿ ಗುಂಪಿನ ಕೆಲವು ವಿಟಮಿನ್‌ಗಳಿಗೆ ಇಲ್ಲಿ ಒಳ್ಳೆಯ ದಾರಿ ಇದೆ. ಉರಿಯೂತದ ಗದ್ದಲ ನಡೆಯುವುದು ಪ್ಲಾಸ್ಮಾದಲ್ಲಿ. ಕೆಂಪು ರಕ್ತಕಣದ ಒಳಗಿನ ವಿಟಮಿನ್ ಅಷ್ಟು ಬೇಗ ಅಲ್ಲಾಡುವುದಿಲ್ಲ. ಕಣ ಸುಮಾರು 120 ದಿನ ಬದುಕುತ್ತದೆ.

ಬಿ1ಕ್ಕೆ ಕೆಂಪು ಕಣದಲ್ಲಿ ಅಥವಾ ಪೂರ್ತಿ ರಕ್ತದಲ್ಲಿ ಥಯಮಿನ್ ಡೈಫಾಸ್ಫೇಟ್ ಅಳೆಯುತ್ತಾರೆ. ಬಿ2ಕ್ಕೆ ಎಫ್‌ಎಡಿ ಎಂಬ ಅದರ ರೂಪ. ಬಿ6ಕ್ಕೆ ಕೆಂಪು ಕಣದ ಪಿಎಲ್‌ಪಿ. ಫೋಲೇಟ್‌ಗೂ ಕೆಂಪು ಕಣದ ಪರೀಕ್ಷೆ ಇದೆ. ಪ್ಲಾಸ್ಮಾ ಫೋಲೇಟ್ ಈಚೆಗೆ ಏನು ತಿಂದಿರಿ ಎನ್ನುವುದನ್ನು ಹೇಳುತ್ತದೆ, ಕಣದ ಫೋಲೇಟ್ ಹಿಂದಿನ ಕೆಲವು ತಿಂಗಳ ಕಥೆ ಹೇಳುತ್ತದೆ. ಎಲ್ಲ ಲ್ಯಾಬ್‌ಗಳಲ್ಲೂ ಇವು ಸಿಗುವುದಿಲ್ಲ. ಆಸ್ಪತ್ರೆಯಲ್ಲಿ ಮಲಗಿದವರಿಗೆ ಬಿ6 ನೋಡಲೇಬೇಕು ಎಂದಿದ್ದರೆ ಮಾತ್ರ ಪಟ್ಟು ಹಿಡಿದು ಕೇಳುವುದು ಸರಿ. ವಿಟಮಿನ್ ಎ, ಡಿಗೆ ಇಂಥ ಸುಲಭದ ಅಡ್ಡದಾರಿ ಇಲ್ಲ.

ಹೆಜ್ಜೆ 6: ಕಾಯಬಹುದಾ, ಕಾಯಬಾರದಾ?

ನೆಗಡಿ, ಜ್ವರ, ಸಣ್ಣ ಆಪರೇಷನ್ ಆಗಿ ಈಗ ಸುಧಾರಿಸಿದ್ದೀರಿ, ಯಾವ ತೊಂದರೆಯೂ ಇಲ್ಲ, ಸುಮ್ನೆ ತಪಾಸಣೆಗೆ ಮಾಡಿಸಿದ ಪರೀಕ್ಷೆ ಎಂದಾದರೆ ಕಾಯಿರಿ. ಪೂರ್ತಿ ಹುಷಾರಾಗಿ ನಾಲ್ಕರಿಂದ ಆರು ವಾರ ಬಿಟ್ಟು, ಸಿಆರ್‌ಪಿ ಜೊತೆಗೇ ಮತ್ತೆ ನೋಡಿಸಿ. ದೊಡ್ಡ ಆಪರೇಷನ್ ಆಗಿದ್ದರೆ ವಿಟಮಿನ್ ಡಿಗೆ ಕಡಿಮೆಯೆಂದರೂ ಮೂರು ತಿಂಗಳು ಬೇಕು ಎಂದು ಇಟ್ಟುಕೊಳ್ಳಿ. ಡಾಕ್ಟರ್ ಈಗಾಗಲೇ ಮಾತ್ರೆ ಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ, ಈ ಪ್ರಶ್ನೆಯನ್ನು ಅವರ ಮುಂದಿಡಿ.

ಕಾಯಬಾರದ ಸಂದರ್ಭಗಳೂ ಇವೆ, ಇವು ಮೇಲಿನದ್ದಕ್ಕಿಂತ ಮುಖ್ಯ. ವಸಡಿನಲ್ಲಿ ರಕ್ತ, ಕೂದಲ ಬುಡದಲ್ಲಿ ರಕ್ತದ ಚುಕ್ಕೆ, ಗಾಯ ಮಾಯದಿರುವುದು ವಿಟಮಿನ್ ಸಿ ಕೊರತೆಯ ಗುರುತು. ಕತ್ತಲಲ್ಲಿ ಕಣ್ಣು ಕಾಣದಿರುವುದು ವಿಟಮಿನ್ ಎಯದ್ದು. ಕೈಕಾಲು ಜುಮ್ಮೆನ್ನುವುದು, ನಡಿಗೆ ತೂರಾಡುವುದು ಬಿ12ರದ್ದಿರಬಹುದು. ದಿನಗಟ್ಟಲೆ ವಾಂತಿ, ಊಟ ಸೇರದಿರುವುದು, ವಿಪರೀತ ಕುಡಿತ, ಇದರ ಮೇಲೆ ಗೊಂದಲ, ಕಣ್ಣುಗುಡ್ಡೆ ಸರಿಯಾಗಿ ಆಡದಿರುವುದು, ತೂರಾಟ ಕಂಡರೆ ಅದು ಬಿ1 ತುರ್ತು. ಅಲ್ಲಿ ಡಾಕ್ಟರುಗಳು ರಿಪೋರ್ಟಿಗೆ ಕಾಯುವುದೇ ಇಲ್ಲ, ಮೊದಲು ಥಯಮಿನ್ ಇಂಜೆಕ್ಷನ್. ಇಂಥ ಲಕ್ಷಣ ಇದ್ದಾಗ ‘ಸಿಆರ್‌ಪಿ ಜಾಸ್ತಿ ಇದೆ, ಸಂಖ್ಯೆ ನಂಬಲಾಗದು’ ಎಂದು ಕೂತರೆ ಈ ಲೇಖನವನ್ನು ತಲೆಕೆಳಗಾಗಿ ಓದಿದ ಹಾಗೆ.

ಮೂರನೆಯ ಗುಂಪು ಇನ್ನೂ ಕಷ್ಟದ್ದು. ಕೀಲೂತ, ಕರುಳಿನ ಉರಿಯೂತ, ಡಯಾಲಿಸಿಸ್. ಇವರ ಸಿಆರ್‌ಪಿ ಇಳಿಯುವ ದಿನಕ್ಕೆ ಕಾದರೆ ಪರೀಕ್ಷೆ ಎಂದೂ ಆಗುವುದಿಲ್ಲ. ಕರುಳಿನ ಕಾಯಿಲೆಯಲ್ಲಂತೂ ವಿಟಮಿನ್ ಹೀರಿಕೊಳ್ಳುವುದೇ ಕಡಿಮೆ, ನಿಜವಾದ ಕೊರತೆ ಇರುವ ಸಾಧ್ಯತೆ ಹೆಚ್ಚು. ಇಲ್ಲಿ ಒಂದು ಸಂಖ್ಯೆಗಿಂತ ಸರಣಿ ಕೆಲಸಕ್ಕೆ ಬರುತ್ತದೆ. ಕಾಯಿಲೆ ತಕ್ಕಮಟ್ಟಿಗೆ ಹತೋಟಿಯಲ್ಲಿದ್ದಾಗ, ಹೆಚ್ಚುಕಮ್ಮಿ ಅದೇ ಸಿಆರ್‌ಪಿ ಇದ್ದಾಗ ತೆಗೆದ ಎರಡು ಮೂರು ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟರೆ ಯಾವ ಕಡೆ ಸಾಗುತ್ತಿದೆ ಎಂದು ಗೊತ್ತಾಗುತ್ತದೆ. ಊಟ, ತೂಕ, ಕರುಳಿನ ಸ್ಥಿತಿ ಇವನ್ನೂ ಸೇರಿಸಿ ಡಾಕ್ಟರ್ ತೀರ್ಮಾನಿಸುತ್ತಾರೆ.

ಇನ್ನೊಂದು ವಿಷಯ. ಉರಿಯೂತ ಇದ್ದಾಗ ಯಾವ ಸಂಖ್ಯೆಯನ್ನೂ ನಂಬಲಾಗದು ಎಂದು ಉಡಾಫೆ ಬೇಡ. ಸಿಆರ್‌ಪಿ 50 ಇದ್ದಾಗಲೂ ವಿಟಮಿನ್ ಡಿ ಚೆನ್ನಾಗಿದ್ದರೆ ಅದನ್ನು ಧಾರಾಳವಾಗಿ ನಂಬಬಹುದು. ಇಳಿಸುವ ಗಾಳಿಗೂ ಇಳಿಯದೆ ನಿಂತಿದೆ ಎಂದರೆ ದಾಸ್ತಾನು ಇದೆ ಎಂದೇ ಅರ್ಥ. ಅನುಮಾನ ಪಡಬೇಕಾದ್ದು ಕಡಿಮೆ ಬಂದ ಸಂಖ್ಯೆಯನ್ನು. ಬಿ12 ಮತ್ತು ಫೆರಿಟಿನ್ ವಿಷಯದಲ್ಲಿ ಇದೇ ಮಾತು ತಿರುಗುಮುರುಗು: ಉರಿಯೂತ ಇದ್ದೂ ಕಡಿಮೆ ಬಂದರೆ ಆ ಕಡಿಮೆ ನಿಜ.

ಹೆಜ್ಜೆ 7: ಮುಂದಿನ ಸಲ ರಕ್ತ ಕೊಡುವ ಮೊದಲು

ಕೂದಲಿಗೆ, ಉಗುರಿಗೆ ಎಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಉರಿಯೂತಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೆ ಲ್ಯಾಬಿನ ಕೆಲವು ಯಂತ್ರಗಳು ಬಯೋಟಿನ್ ಬಳಸಿಯೇ ಕೆಲಸ ಮಾಡುತ್ತವೆ. ಮಾತ್ರೆಯದ್ದು ಜಾಸ್ತಿಯಾದರೆ ವಿಟಮಿನ್ ಡಿ, ಬಿ12 ಸುಳ್ಳಾಗಿ ಏರಿ ಕಾಣಬಹುದು, ಫೆರಿಟಿನ್ ಸುಳ್ಳಾಗಿ ಇಳಿಯಬಹುದು. ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂದು ಲ್ಯಾಬಿನವರೇ ಹೇಳುತ್ತಾರೆ.

ಜ್ವರದಲ್ಲಿರುವಾಗ ‘ಹೇಗೂ ಸೂಜಿ ಚುಚ್ಚುತ್ತಾರಲ್ಲ’ ಎಂದು ವಿಟಮಿನ್ ಪ್ಯಾಕೇಜ್ ಸೇರಿಸಬೇಡಿ. ನಾನು ಮಾಡಿದ್ದು ಅದನ್ನೇ. ಮಾಡಿಸಲೇಬೇಕಾದರೆ ಅದೇ ಟ್ಯೂಬಿನಲ್ಲಿ ಸಿಆರ್‌ಪಿ, ಆಲ್ಬುಮಿನ್ ಎರಡನ್ನೂ ಸೇರಿಸಲು ಕೇಳಿ.

ಆಮೇಲೆ ಒಂದು ಚೀಟಿ. ಡಾಕ್ಟರ ಹತ್ತಿರ ಹೋಗುವಾಗ ರಿಪೋರ್ಟಿಗೆ ಪಿನ್ ಮಾಡಿಕೊಂಡು ಹೋಗಿ. ನನ್ನದು ಈಗ ಹೀಗಿರುತ್ತದೆ: ‘ರಕ್ತ ಕೊಟ್ಟ ದಿನ. ಕೊನೆಯ ಸಲ ಜ್ವರ ಬಿಟ್ಟ ದಿನ. ಆ ದಿನದ ಸಿಆರ್‌ಪಿ, ಮಾನ ಸಹಿತ. ಡ್ರಿಪ್ ಹಾಕಿದ್ದರಾ? ನುಂಗುತ್ತಿರುವ ಮಾತ್ರೆಗಳು. ಈಗ ಇರುವ ತೊಂದರೆ.’ ಹೋದ ಸಲ ಡಾಕ್ಟರ್ ಮೊದಲು ಓದಿದ್ದು ಆ ಚೀಟಿಯನ್ನೇ, ರಿಪೋರ್ಟನ್ನು ಆಮೇಲೆ.